ಅತಿಥಿ ಎದ್ದು ಹೋದ ಮೇಲೆ: ಸಂಸ್ಕಾರಕದ ಸ್ಥಿತಿಯನ್ನು ಕಾಪಾಡಿದ ಚರಿತ್ರೆ

ವಿಂಡೋಸ್ ಇರುವ ಗಣಕದ ಒಳಗೇ ಲಿನಕ್ಸನ್ನು ನಡೆಸಿ, ಅದರಲ್ಲಿ ಸಂಖ್ಯಾತ್ಮಕ ಲೆಕ್ಕಗಳನ್ನು ಮಾಡಿಸುವುದು ನಮ್ಮ ಪ್ರಯೋಗಾಲಯದಲ್ಲಿ ಕೆಲವು ವರ್ಷಗಳಿಂದ ರೂಢಿ. ಒಮ್ಮೆ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಏನಾಗುತ್ತದೋ ನೋಡೋಣವೆಂದು ಒಳಗಿನ ಲಿನಕ್ಸನ್ನು ಬೇಕೆಂದೇ ಕೆಡಿಸಿದಳು. ಪರದೆಯ ಒಂದು ಕಿಟಕಿಯಲ್ಲಿ ಅದು ನಿಶ್ಚಲವಾಗಿ ನಿಂತಿತ್ತು. ಪಕ್ಕದ ಕಿಟಕಿಯಲ್ಲಿ ಅವಳ ಗ್ರಾಫ್ ಮಾತ್ರ ಹಾಗೆಯೇ ಇತ್ತು. "ಸರ್, ಇರೋದು ಒಂದೇ ಪ್ರೊಸೆಸರ್. ಆ ಕಡೆ ಕೆಲಸ ಮಾಡೋದೂ ಅದೇ, ಈ ಕಡೆ ಮಾಡೋದೂ ಅದೇ. ಮತ್ತೆ ಇದಕ್ಕೇನೂ ಆಗಲಿಲ್ಲವಲ್ಲ?" ಎಂದು ಕೇಳಿದಳು. "ರಿಜಿಸ್ಟರುಗಳನ್ನೆಲ್ಲ ಬರೆದಿಟ್ಟುಕೊಂಡು, ಆಮೇಲೆ ವಾಪಸ್ಸು ತುಂಬುತ್ತಾರಮ್ಮ" ಎಂದೆ. ಆ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ಕಂಡುಕೊಳ್ಳಲು ಗಣಕ ವಿಜ್ಞಾನಿಗಳಿಗೇ ಐವತ್ತು ವರ್ಷ ಬೇಕಾಯಿತು.

ಗಣಕದೊಳಗಿನ ಗಣಕವನ್ನು 'ವರ್ಚುಯಲ್ ಯಂತ್ರ' ಎನ್ನುತ್ತಾರೆ. ಕನ್ನಡದಲ್ಲಿ ಮಿಥ್ಯ ಯಂತ್ರ ಎನ್ನೋಣ. ಸಮತಲ ದರ್ಪಣದ ಹಿಂದೆ ಕಾಣುವ ಮಿಥ್ಯ ಪ್ರತಿಬಿಂಬ ನಮಗೆ ಹೈಸ್ಕೂಲಿನಿಂದಲೇ ಪರಿಚಿತ. ಅಲ್ಲಿ ಬೆಳಕಿಲ್ಲ, ಆದರೆ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಮಿಥ್ಯ ಯಂತ್ರದಲ್ಲಿ ಓಡುವ ಕಾರ್ಯಾಚರಣ ವ್ಯವಸ್ಥೆಗೂ ಹೀಗೆಯೇ: ಇಡೀ ಗಣಕ ತನ್ನದೇ ಎಂದು ಅದು ತಿಳಿದಿರುತ್ತದೆ. ಇದಕ್ಕೆ ಅತಿಥಿ ಎಂದು ಹೆಸರು, ಜಾಗ ಕೊಟ್ಟ ಮೂಲ ವ್ಯವಸ್ಥೆಗೆ ಆತಿಥೇಯ ಎಂದು. ಅತಿಥಿಗೆ ಸಂಸ್ಕಾರಕವನ್ನು ಒಪ್ಪಿಸಿ ಮತ್ತೆ ಹಿಂದಕ್ಕೆ ಪಡೆದಾಗ, ಆತಿಥೇಯ ಬಿಟ್ಟ ಜಾಗದಿಂದ ಒಂದಂಗುಲವೂ ಕದಲದಂತೆ ಕೆಲಸ ಮುಂದುವರಿಯಬೇಕು. ನಮ್ಮ ವಿಷಯ ಇಷ್ಟೇ.

ಭೌತಶಾಸ್ತ್ರದಲ್ಲಿ ಒಂದು ಕಣದ ಸ್ಥಾನ ಮತ್ತು ಸಂವೇಗಗಳನ್ನು ಕೊಟ್ಟರೆ ಅದರ 'ಸ್ಥಿತಿ'ಯನ್ನು ಕೊಟ್ಟಂತೆ; ಮುಂದಿನ ಚಲನೆ ಅದರಿಂದಲೇ ಹೊರಡುತ್ತದೆ. ಸಂಸ್ಕಾರಕಕ್ಕೂ ಇಂಥ ಸ್ಥಿತಿ ಇದೆ. ಮುಂದಿನ ಆದೇಶದ ವಿಳಾಸ, ರಿಜಿಸ್ಟರುಗಳಲ್ಲಿರುವ ಸಂಖ್ಯೆಗಳು, ಯಾವ ಅಧಿಕಾರದ ಮಟ್ಟದಲ್ಲಿ ಓಡುತ್ತಿದೆ, ಸ್ಮೃತಿಯ ವಿಳಾಸ ಪಟ್ಟಿ ಎಲ್ಲಿದೆ ಎಂಬುವು ಅದರ ಭಾಗಗಳು. ಇವೆಲ್ಲವನ್ನೂ ಚಾಚೂ ತಪ್ಪದೆ ಮರಳಿ ತುಂಬಿದರೆ ನಡುವೆ ಏನು ನಡೆಯಿತೆಂದು ಆತಿಥೇಯಕ್ಕೆ ತಿಳಿಯಬೇಕಾಗಿಲ್ಲ.

ಕಥೆ ಆರಂಭವಾಗುವುದು 1960ರ ದಶಕದ ಅಮೆರಿಕದಲ್ಲಿ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಐಬಿಎಂ 1964ರಲ್ಲಿ ಒಂದು ವೈಜ್ಞಾನಿಕ ಕೇಂದ್ರವನ್ನು ತೆರೆಯಿತು. ಅಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೋಮೋ ಮತ್ತು ಸಂಗಡಿಗರು ಸಿಪಿ-40 ಎಂಬ ತಂತ್ರಾಂಶವನ್ನು ಬರೆದರು. ಅದಕ್ಕಾಗಿ ಸಿಸ್ಟಂ/360ರ 40ನೇ ಮಾದರಿಯ ಒಂದು ಯಂತ್ರವನ್ನು ವಿಶೇಷವಾಗಿ ಮಾರ್ಪಡಿಸಲಾಗಿತ್ತು. 1967ರ ಜನವರಿಯಲ್ಲಿ ಬಳಕೆಗೆ ಬಂದ ಆ ವ್ಯವಸ್ಥೆ ಒಂದೇ ಯಂತ್ರವನ್ನು 14 ಯಂತ್ರಗಳಂತೆ ತೋರಿಸುತ್ತಿತ್ತು. ಪ್ರತಿಯೊಂದಕ್ಕೂ 256 ಕಿಲೋಬೈಟ್ ಸ್ಮೃತಿ ಇರುವಂತೆ ಭಾಸ!

ಈ ಜಾದೂ ಸಾಧ್ಯವಾದದ್ದಕ್ಕೆ ಸಿಸ್ಟಂ/360ರ ವಿನ್ಯಾಸವೇ ಅರ್ಧ ಕಾರಣ. ಅದರಲ್ಲಿ ಸಂಸ್ಕಾರಕದ ಸ್ಥಿತಿಯ ಮುಖ್ಯ ಭಾಗವೆಲ್ಲ 64 ಬಿಟ್‌ಗಳ ಒಂದೇ ಪದದಲ್ಲಿ ಅಡಕವಾಗಿತ್ತು. ಅದನ್ನು ಪಿಎಸ್‌ಡಬ್ಲ್ಯು, ಅಂದರೆ ಕ್ರಮವಿಧಿಯ ಸ್ಥಿತಿಪದ ಎನ್ನುತ್ತಿದ್ದರು. ಇಂಟರಪ್ಟ್ ಬಂದೊಡನೆ ಯಂತ್ರಾಂಶ ಈ ಪದವನ್ನು ಸ್ಮೃತಿಯ ಒಂದು ಗೊತ್ತಾದ ಜಾಗದಲ್ಲಿ ಬರೆದು, ಇನ್ನೊಂದು ಗೊತ್ತಾದ ಜಾಗದಿಂದ ಹೊಸ ಪದವನ್ನು ಎತ್ತಿಕೊಳ್ಳುತ್ತಿತ್ತು. ಉದಾಹರಣೆಗೆ ಕ್ರಮವಿಧಿಯ ತಪ್ಪಿನಿಂದಾದ ಇಂಟರಪ್ಟ್‌ಗೆ ಹಳೆಯ ಪದದ ಜಾಗ 40ನೇ ಬೈಟು, ಹೊಸದರ ಜಾಗ 104ನೇ ಬೈಟು. ಉಳಿದ 16 ಸಾಮಾನ್ಯ ರಿಜಿಸ್ಟರುಗಳನ್ನು ತಂತ್ರಾಂಶವೇ ಉಳಿಸಿಕೊಳ್ಳಬೇಕಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ರಿಜಿಸ್ಟರನ್ನು ಸ್ಮೃತಿಗೆ ಬರೆಯಬೇಕಾದರೆ ವಿಳಾಸ ಬೇಕು. ವಿಳಾಸ ಇಟ್ಟುಕೊಳ್ಳಲು ಒಂದು ರಿಜಿಸ್ಟರು ಬೇಕು. ಆದರೆ ಎಲ್ಲ ರಿಜಿಸ್ಟರುಗಳಲ್ಲೂ ಇನ್ನೊಬ್ಬರ ಸಾಮಾನಿದೆ! ಸಿಸ್ಟಂ/360ರಲ್ಲಿ ಸ್ಮೃತಿಯ ಮೊದಲ 4096 ಬೈಟುಗಳನ್ನು ಯಾವ ರಿಜಿಸ್ಟರಿನ ನೆರವೂ ಇಲ್ಲದೆ ಮುಟ್ಟಬಹುದಿತ್ತು. ಹಾಗಾಗಿ ಒಂದೇ ಆದೇಶದಲ್ಲಿ ಹದಿನಾರನ್ನೂ ಅಲ್ಲಿಗೆ ಸುರಿದುಬಿಡಬಹುದಿತ್ತು. ಮಿಥ್ಯ ಯಂತ್ರಗಳಿಗೆಂದು ಮಾಡಿದ ಏರ್ಪಾಡಲ್ಲ ಇದು, ಆದರೂ ಅವುಗಳಿಗೆ ಹೇಳಿ ಮಾಡಿಸಿದಂತಿತ್ತು.

ಅತಿಥಿಯನ್ನು ಸದಾ ಕೆಳ ಅಧಿಕಾರದ ಮಟ್ಟದಲ್ಲೇ ಓಡಿಸುವುದು ಕ್ರೀಸಿಯವರ ತಂಡದ ಉಪಾಯ. ತಾನೇ ಯಜಮಾನ ಎಂದುಕೊಂಡಿರುವ ಅತಿಥಿ ತನ್ನ ಸ್ಥಿತಿಪದವನ್ನು ಬದಲಿಸಲು ಹೊರಟರೆ, ಅದು ವಿಶೇಷಾಧಿಕಾರದ ಆದೇಶವಾದ್ದರಿಂದ ಇಂಟರಪ್ಟ್ ಉಂಟಾಗುತ್ತದೆ. ನಿಯಂತ್ರಕ ತಂತ್ರಾಂಶ ಎಚ್ಚೆತ್ತು, ಅತಿಥಿಗೆಂದು ಇಟ್ಟಿರುವ ನಕಲಿ ಸ್ಥಿತಿಪದವನ್ನು ತಿದ್ದಿ ಮತ್ತೆ ಅದನ್ನು ಓಡಲು ಬಿಡುತ್ತದೆ. ನಿಜವಾದ ಸ್ಥಿತಿಪದಕ್ಕೆ ಅತಿಥಿಯ ಕೈ ಸೋಕುವುದೇ ಇಲ್ಲ. ಸಿಪಿ-40ರ ನಂತರ ಸಿಪಿ-67, ಆಮೇಲೆ 1972ರ ಆಗಸ್ಟ್‌ನಲ್ಲಿ ವಿಎಂ/370 ಬಂದವು.

1974ರ ಜುಲೈನಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಈ ಉಪಾಯವನ್ನು ಪ್ರಮೇಯದ ರೂಪಕ್ಕೆ ತಂದರು. ಸಂಸ್ಕಾರಕದ ಸ್ಥಿತಿಯನ್ನು ಬದಲಿಸುವ ಅಥವಾ ಬಯಲು ಮಾಡುವ 'ಸೂಕ್ಷ್ಮ' ಆದೇಶಗಳೆಲ್ಲವೂ ಕೆಳ ಮಟ್ಟದಲ್ಲಿ ಇಂಟರಪ್ಟ್ ಉಂಟುಮಾಡುವಂತಿದ್ದರೆ, ಆ ಯಂತ್ರದ ಮೇಲೆ ಮಿಥ್ಯ ಯಂತ್ರವನ್ನು ಕಟ್ಟಬಹುದು ಎಂಬುದು ಅದರ ತಿರುಳು. ವಿದ್ಯಾರ್ಥಿಗಳು ಮೂಲ ಲೇಖನವನ್ನೇ ಓದಬೇಕು. ಹತ್ತೇ ಪುಟ, ಗಣಿತವೂ ಕಷ್ಟದ್ದಲ್ಲ.

ಪ್ರಮೇಯ ಬಂದು ನಾಲ್ಕು ವರ್ಷಕ್ಕೆ, 1978ರಲ್ಲಿ, ಇಂಟೆಲ್ 8086 ಹೊರಬಂತು. ಅದರ ವಂಶದ ಎಕ್ಸ್86 ಸಂಸ್ಕಾರಕಗಳು ಮುಂದೆ ಜಗತ್ತಿನ ಮೇಜುಗಳನ್ನೆಲ್ಲ ಆಕ್ರಮಿಸಿದವು. ಆದರೆ ಅವು ಈ ನಿಯಮವನ್ನು ಪಾಲಿಸಲಿಲ್ಲ. ಪೆಂಟಿಯಂನಲ್ಲಿ ಇಂಥ 17 ಆದೇಶಗಳಿವೆಯೆಂದು 2000ದಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಪಟ್ಟಿ ಮಾಡಿತು. ಇವುಗಳಲ್ಲಿ ಪಾಪ್‌ಎಫ್ ಕುಪ್ರಸಿದ್ಧ. ಇಂಟರಪ್ಟ್‌ಗಳನ್ನು ತಡೆಯುವ ಬಿಟ್ಟನ್ನು ಕೆಳ ಮಟ್ಟದಿಂದ ಇದರ ಮೂಲಕ ಬದಲಿಸಲು ಹೋದರೆ, ಸಂಸ್ಕಾರಕ ದೂರು ಹೇಳುವುದೂ ಇಲ್ಲ, ಹೇಳಿದ್ದನ್ನು ಮಾಡುವುದೂ ಇಲ್ಲ. ಸುಮ್ಮನೆ ಮುಂದಕ್ಕೆ ಹೋಗುತ್ತದೆ. ನಿಯಂತ್ರಕಕ್ಕೆ ಸುಳಿವೇ ಸಿಗುವುದಿಲ್ಲ.

1998ರಲ್ಲಿ ಹುಟ್ಟಿದ ವಿಎಂವೇರ್ ಸಂಸ್ಥೆ ಇದನ್ನು ದಾಟಿದ್ದು ಅತಿಥಿಯ ಅಪಾಯಕಾರಿ ಆದೇಶಗಳನ್ನು ಓಡುವ ಮೊದಲೇ ಅನುವಾದಿಸುವ ಮೂಲಕ. ಅದು ಬಹಳ ಪ್ರಚಾರ ಪಡೆದ ವಿಷಯ. ಆದರೆ ನಮ್ಮ ದೃಷ್ಟಿಯಿಂದ ಹೆಚ್ಚು ಸ್ವಾರಸ್ಯದ್ದು ಇನ್ನೊಂದು. 1999ರ ವರ್ಕ್‌ಸ್ಟೇಷನ್ ತಂತ್ರಾಂಶ ವಿಂಡೋಸ್ ಅಥವಾ ಲಿನಕ್ಸ್ ಇರುವ ಗಣಕದಲ್ಲೇ ನೆಲೆಸಿ ಅತಿಥಿಯನ್ನು ಓಡಿಸಬೇಕಿತ್ತು. ಆತಿಥೇಯ ವ್ಯವಸ್ಥೆಗೆ ತನ್ನೊಳಗೆ ಹೀಗೊಂದು ನಡೆಯುತ್ತಿದೆಯೆಂಬ ಅರಿವಿಲ್ಲ. ಆದ್ದರಿಂದ ಸಂಸ್ಕಾರಕದ ಸಕಲ ಸ್ಥಿತಿಯನ್ನೂ ಎತ್ತಿಟ್ಟು, ಬೇರೊಂದು ಲೋಕವನ್ನೇ ತುಂಬಿ, ಕೆಲಸ ಮುಗಿದ ಮೇಲೆ ಹಳೆಯ ಲೋಕವನ್ನು ಮರಳಿ ಸ್ಥಾಪಿಸಬೇಕು. ಅವರು ಇದನ್ನು 'ಲೋಕ ಬದಲಾವಣೆ' ಎಂದೇ ಕರೆದರು.

ಬದಲಾಗುವುದರಲ್ಲಿ ಸ್ಮೃತಿಯ ವಿಳಾಸ ಪಟ್ಟಿಯೂ ಸೇರಿದೆ. ಸಿಆರ್3 ಎಂಬ ರಿಜಿಸ್ಟರಿಗೆ ಹೊಸ ಪಟ್ಟಿಯ ವಿಳಾಸ ಬಿದ್ದೊಡನೆ ಸ್ಮೃತಿಯ ವಿಳಾಸಗಳ ಅರ್ಥವೇ ಬೇರೆಯಾಗುತ್ತದೆ. ಹಾಗಾದರೆ ಬದಲಾವಣೆ ಮಾಡುತ್ತಿರುವ ಕ್ರಮವಿಧಿಯ ಮುಂದಿನ ಆದೇಶ ಎಲ್ಲಿರಬೇಕು? ಕುಳಿತ ಕೊಂಬೆಯನ್ನೇ ಕಡಿದಂತೆ. ಇದಕ್ಕೆ ಪರಿಹಾರವಾಗಿ ಸ್ಮೃತಿಯ ಒಂದೇ ಒಂದು ಪುಟವನ್ನು ಎರಡೂ ಲೋಕಗಳಲ್ಲಿ ಒಂದೇ ವಿಳಾಸದಲ್ಲಿ ಕಾಣುವಂತೆ ಹಾಕಿ, ದಾಟುವ ಆದೇಶಗಳನ್ನು ಅದರಲ್ಲಿ ಇಟ್ಟರು. ಅತಿಥಿ ಓಡುತ್ತಿರುವಾಗ ಡಿಸ್ಕಿನಿಂದಲೋ ಜಾಲದ ಕಾರ್ಡಿನಿಂದಲೋ ಇಂಟರಪ್ಟ್ ಬಂದರೆ, ಮೊದಲು ಹಳೆಯ ಲೋಕಕ್ಕೆ ದಾಟಿ, ಆ ಇಂಟರಪ್ಟ್ ಈಗ ತಾನೇ ಬಂತೆಂಬಂತೆ ಆತಿಥೇಯಕ್ಕೆ ಒಪ್ಪಿಸುತ್ತಿದ್ದರು.

ಯಂತ್ರಾಂಶ ತಯಾರಕರು ಎಚ್ಚೆತ್ತದ್ದು ಆಮೇಲೆ. ಇಂಟೆಲ್ 2005ರ ನವೆಂಬರ್‌ನಲ್ಲಿ, ಎಎಂಡಿ 2006ರಲ್ಲಿ ಮಿಥ್ಯ ಯಂತ್ರಗಳಿಗೆಂದೇ ಹೊಸ ಆದೇಶಗಳನ್ನು ಕೊಟ್ಟವು. ಐಬಿಎಂ ಇಂಥದ್ದನ್ನು 1980ರ ದಶಕದ ಆರಂಭದಲ್ಲೇ ತನ್ನ ದೊಡ್ಡ ಯಂತ್ರಗಳಿಗೆ ಅಳವಡಿಸಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಇಂಟೆಲ್ ವಿನ್ಯಾಸದಲ್ಲಿ ಪ್ರತಿ ಮಿಥ್ಯ ಸಂಸ್ಕಾರಕಕ್ಕೂ ಹೆಚ್ಚೆಂದರೆ 4 ಕಿಲೋಬೈಟಿನ ಒಂದು ದಾಖಲೆ ಇರುತ್ತದೆ. ಅದರಲ್ಲಿ ಅತಿಥಿಯ ಸ್ಥಿತಿಗೊಂದು ಭಾಗ, ಆತಿಥೇಯದ ಸ್ಥಿತಿಗೊಂದು ಭಾಗ. ಅತಿಥಿಯನ್ನು ಪ್ರವೇಶಿಸುವಾಗ ಯಂತ್ರಾಂಶ ಆತಿಥೇಯದ ಸ್ಥಿತಿಯನ್ನು ತಾನಾಗಿ ಉಳಿಸುವುದಿಲ್ಲ. ನಿಯಂತ್ರಕ ಮೊದಲೇ ತುಂಬಿಟ್ಟಿದ್ದನ್ನು ನಿರ್ಗಮನದ ವೇಳೆ ಎತ್ತಿಕೊಳ್ಳುತ್ತದೆ, ಅಷ್ಟೆ. ಎಎಂಡಿಯಲ್ಲಿ ಹಾಗಲ್ಲ, ಪ್ರವೇಶದ ಆದೇಶವೇ ಆತಿಥೇಯದ ಸ್ಥಿತಿಯ ಒಂದು ಭಾಗವನ್ನು ಬೇರೊಂದು ಜಾಗದಲ್ಲಿ ಬರೆದಿಡುತ್ತದೆ.

ಎರಡರಲ್ಲೂ ಎಲ್ಲವೂ ಯಂತ್ರಾಂಶದ ಪಾಲಿಗೆ ಬರಲಿಲ್ಲ. ಇಂಟೆಲ್‌ನಲ್ಲಿ ಸಾಮಾನ್ಯ ರಿಜಿಸ್ಟರುಗಳ ಪೈಕಿ ರಾಶಿಯ ತುದಿಯನ್ನು ತೋರಿಸುವ ಒಂದನ್ನು ಬಿಟ್ಟು ಮಿಕ್ಕವನ್ನು ತಂತ್ರಾಂಶವೇ ನೋಡಿಕೊಳ್ಳಬೇಕು. ಕೆಲವಂತೂ ಮರಳಿ ಬರುವಾಗ ಮೂಲ ಬೆಲೆಯ ಬದಲು ಗೊತ್ತುಪಡಿಸಿದ ಬೆಲೆಯನ್ನು ಹೊತ್ತು ಬರುತ್ತವೆ. ಉದಾಹರಣೆಗೆ ಕಾರ್ಯಸ್ಥಿತಿ ಖಂಡದ ಮಿತಿ ಯಾವಾಗಲೂ 103 ಆಗಿರುತ್ತದೆ. ಆತಿಥೇಯ ಅದಕ್ಕಿಂತ ದೊಡ್ಡ ಖಂಡ ಇಟ್ಟುಕೊಂಡಿದ್ದರೆ ನೆನಪಿಟ್ಟು ಸರಿಪಡಿಸಬೇಕು.

ಮರೆತರೆ ಏನಾದೀತು? ಎಲ್‌ಸ್ಟಾರ್ ಎಂಬ ರಿಜಿಸ್ಟರನ್ನು ನೋಡಿ. ಸಾಮಾನ್ಯ ಕ್ರಮವಿಧಿಯೊಂದು ವ್ಯವಸ್ಥೆಯ ಸೇವೆ ಕೇಳಿದಾಗ, ಮೇಲಿನ ಅಧಿಕಾರದೊಡನೆ ಯಾವ ವಿಳಾಸಕ್ಕೆ ಜಿಗಿಯಬೇಕೆಂದು ಇದು ಹೇಳುತ್ತದೆ. ಅತಿಥಿಯೂ ತನ್ನದೊಂದು ವಿಳಾಸವನ್ನು ಇಲ್ಲಿ ಬರೆದಿರುತ್ತದೆ. ಹಿಂದಿರುಗಿದ ಆತಿಥೇಯ ಇದನ್ನು ಹಾಗೆಯೇ ಬಿಟ್ಟರೆ, ಅದರ ಮುಂದಿನ ಸೇವಾಕೋರಿಕೆ ಅತಿಥಿ ಬರೆದಿಟ್ಟ ವಿಳಾಸಕ್ಕೆ ಜಿಗಿಯುತ್ತದೆ, ಅದೂ ಯಜಮಾನನ ಅಧಿಕಾರದಲ್ಲಿ! ಹಾಗೆಂದು ಪ್ರತಿ ಸಲ ಬದಲಿಸುವುದು ನಿಧಾನ. 2007ರಲ್ಲಿ ಲಿನಕ್ಸಿನ ಭಾಗವಾದ ಕೆವಿಎಂ ತಂತ್ರಾಂಶದ ಕರ್ತೃ ಆವಿ ಕಿವಿಟಿ 2009ರಲ್ಲಿ ಇದಕ್ಕೊಂದು ಜಾಣ ಮಾರ್ಗ ಹುಡುಕಿದರು. ಲಿನಕ್ಸಿನ ತಿರುಳು ತಾನೇ ಆ ಜಿಗಿತದ ಆದೇಶವನ್ನು ಬಳಸುವುದಿಲ್ಲ, ಬಳಸುವುದು ಸಾಮಾನ್ಯ ಕ್ರಮವಿಧಿ. ಆದ್ದರಿಂದ ನಿಯಂತ್ರಣ ಸಾಮಾನ್ಯ ಕ್ರಮವಿಧಿಗೆ ಮರಳುವ ಕೊನೆಯ ಗಳಿಗೆಯಲ್ಲಿ ಮಾತ್ರ ಹಳೆಯ ಬೆಲೆ ತುಂಬಿದರೆ ಸಾಕು.

ಇಂಥ ಮುಂದೂಡಿಕೆ ದಶಮಾಂಶ ಲೆಕ್ಕದ ರಿಜಿಸ್ಟರುಗಳಲ್ಲಿ ಇನ್ನೂ ಹಳೆಯದು. ಅವುಗಳ ಗಾತ್ರ ದೊಡ್ಡದು: ಮೊದಲು 512 ಬೈಟ್ ಸಾಕಿತ್ತು, 512 ಬಿಟ್ ಅಗಲದ ರಿಜಿಸ್ಟರುಗಳು ಬಂದ ಮೇಲೆ ಎರಡೂವರೆ ಕಿಲೋಬೈಟು ದಾಟಿತು. ಹಾಗಾಗಿ ಹಿಂದಿನವರ ಸಂಖ್ಯೆಗಳನ್ನು ಅಲ್ಲೇ ಬಿಟ್ಟು, ಒಂದು ಬಿಟ್ಟನ್ನು ಎತ್ತಿ ಕಾವಲಿಡುತ್ತಿದ್ದರು. ಹೊಸಬರು ಮುಟ್ಟಿದರೆ ಇಂಟರಪ್ಟ್ ಬರುತ್ತದೆ, ಆಗ ಬದಲಿಸಿದರಾಯಿತು. ಸೋಮಾರಿ ವಿಧಾನವೆಂದೇ ಇದಕ್ಕೆ ಹೆಸರು. ತರ್ಕದಲ್ಲಿ ಒಂದಿಷ್ಟೂ ದೋಷವಿಲ್ಲ. ಆದರೂ 2018ರ ಜೂನ್‌ನಲ್ಲಿ ಇದು ಸೋರುತ್ತದೆಯೆಂದು ಗೊತ್ತಾಯಿತು. ಕಾವಲಿನ ಇಂಟರಪ್ಟ್ ಜಾರಿಗೆ ಬರುವ ಮುನ್ನವೇ ಇಂಟೆಲ್ ಸಂಸ್ಕಾರಕ ಮುಂದಿನ ಆದೇಶಗಳನ್ನು ಊಹೆಯ ಮೇಲೆ ಓಡಿಸಿರುತ್ತದೆ. ಆ ಊಹೆಯ ಓಟದಲ್ಲಿ ಹಿಂದಿನವರ ಸಂಖ್ಯೆ ಬಳಕೆಯಾಗುತ್ತದೆ. ಊಹೆಯನ್ನು ರದ್ದು ಮಾಡಿದರೂ ಕ್ಯಾಷೆ ಸ್ಮೃತಿಯಲ್ಲಿ ಅದರ ಗುರುತು ಉಳಿಯುತ್ತದೆ. ಗುಪ್ತಲಿಪಿಯ ಕೀಲಿಗಳು ಇರುತ್ತಿದ್ದುದು ಇದೇ ರಿಜಿಸ್ಟರುಗಳಲ್ಲಿ!

ನಾನು ವಿದ್ಯಾರ್ಥಿನಿಗೆ ಹೇಳದೆ ಬಿಟ್ಟದ್ದು ಇದನ್ನೇ. ಉಷ್ಣಗತಿಶಾಸ್ತ್ರ ಕಲಿಸುವ ನನಗೆ ಇದು ಹೊಳೆಯಬೇಕಿತ್ತು. ಚಕ್ರೀಯ ಪ್ರಕ್ರಿಯೆಯಲ್ಲಿ ಅನಿಲ ಮೊದಲಿನ ಒತ್ತಡ, ಗಾತ್ರ, ತಾಪಗಳಿಗೆ ಕರಾರುವಾಕ್ಕಾಗಿ ಮರಳುತ್ತದೆ, ಆದರೆ ಪರಿಸರ ಮೊದಲಿನಂತಿರುವುದಿಲ್ಲ. ಅದಕ್ಕೆ ಉಷ್ಣ ಹರಿದಿರುತ್ತದೆ. ರಿಜಿಸ್ಟರುಗಳು ಅನಿಲದ ಹಾಗೆ. ಕ್ಯಾಷೆ, ಕವಲುಗಳನ್ನು ಊಹಿಸುವ ಕೋಷ್ಟಕ, ಹಿಂದಿರುಗುವ ವಿಳಾಸಗಳ ಪುಟ್ಟ ರಾಶಿ, ಇವೆಲ್ಲ ಪರಿಸರದ ಹಾಗೆ. 1974ರ ಪ್ರಮೇಯದ 'ಸ್ಥಿತಿ'ಯಲ್ಲಿ ಇವಕ್ಕೆ ಜಾಗವೇ ಇರಲಿಲ್ಲ. ಇವು ವೇಗವನ್ನು ಬದಲಿಸುತ್ತವೆ, ಉತ್ತರವನ್ನಲ್ಲ ಎಂದು ಎಲ್ಲರೂ ನಂಬಿದ್ದರು. ಆದರೆ ವೇಗವನ್ನು ಅಳೆಯಬಹುದು, ಅಳೆದದ್ದರಿಂದ ಗುಟ್ಟನ್ನು ಓದಬಹುದು ಎಂದು 2018ರ ಜನವರಿಯಲ್ಲಿ ಬಯಲಾದ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ದೋಷಗಳು ತೋರಿಸಿದವು.

ಅದೇ ವರ್ಷದ ಆಗಸ್ಟ್‌ನಲ್ಲಿ ಬಂದದ್ದು ಮಿಥ್ಯ ಯಂತ್ರಗಳಿಗೆ ಇನ್ನೂ ಕಟುವಾದ ಸುದ್ದಿ. ಅತಿಥಿ ತನ್ನದೇ ವಿಳಾಸ ಪಟ್ಟಿಯಲ್ಲಿ 'ಈ ಪುಟ ಸ್ಮೃತಿಯಲ್ಲಿಲ್ಲ' ಎಂದು ಬರೆದು, ಅದರ ಜತೆಗೆ ತನಗೆ ಬೇಕಾದ ಭೌತಿಕ ವಿಳಾಸವನ್ನು ಇಟ್ಟರೆ, ಇಂಟೆಲ್‌ನ ಅನೇಕ ಸಂಸ್ಕಾರಕಗಳು ಊಹೆಯ ಓಟದಲ್ಲಿ ಆ ವಿಳಾಸದ ಮಾಹಿತಿಯನ್ನು ಮೊದಲ ಹಂತದ ಕ್ಯಾಷೆಯಿಂದ ಎತ್ತಿಕೊಡುತ್ತಿದ್ದವು. ಅದು ಆತಿಥೇಯದ್ದಿರಲಿ, ಪಕ್ಕದ ಅತಿಥಿಯದ್ದಿರಲಿ. ಒಂದೇ ಗಣಕವನ್ನು ಅಪರಿಚಿತರಿಗೆ ಹಂಚಿ ಬಾಡಿಗೆ ಪಡೆಯುವ ಮೋಡ ಗಣನೆಯ ಬುಡಕ್ಕೇ ಕೊಟ್ಟ ಪೆಟ್ಟಿದು. ಅಲ್ಲಿಂದಾಚೆಗೆ ಅಂಥ ಸಂಸ್ಕಾರಕಗಳಲ್ಲಿ ಅತಿಥಿಯ ಪ್ರವೇಶಕ್ಕೆ ಮುನ್ನ 32 ಕಿಲೋಬೈಟಿನ ಈ ಕ್ಯಾಷೆಯನ್ನು ಖಾಲಿ ಮಾಡುವ ಏರ್ಪಾಡು ಬಂತು. ಅತಿಥಿಯಿಂದ ಮರಳಿದಾಗ ಹಿಂದಿರುಗುವ ವಿಳಾಸಗಳ ರಾಶಿಯನ್ನು ನಿರುಪದ್ರವಿ ವಿಳಾಸಗಳಿಂದ ತುಂಬುವುದೂ ಈಗ ಕೆವಿಎಂನ ದಿನಚರಿ.

2025ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು ಇನ್ನೊಂದು ಬಿರುಕನ್ನು ತೋರಿಸಿದರು. ಅತಿಥಿ ತರಬೇತಿ ಕೊಟ್ಟ ಕವಲು ಊಹಕ, ಆತಿಥೇಯದ ತಿರುಳನ್ನು ದಾಟಿ, ಮಿಥ್ಯ ಯಂತ್ರವನ್ನು ಸಾಕುವ ಸಾಮಾನ್ಯ ಕ್ರಮವಿಧಿಯನ್ನು ದಾರಿ ತಪ್ಪಿಸಬಲ್ಲದು. ಲಿನಕ್ಸಿನಲ್ಲಿ ಇದಕ್ಕೆ ಸೇರಿಸಿದ ಪರಿಹಾರವೆಂದರೆ, ಅತಿಥಿಯಿಂದ ಹೊರಬಂದ ಮೇಲೆ ಸಾಮಾನ್ಯ ಕ್ರಮವಿಧಿಗೆ ಮರಳುವ ಮುಂಚೆ ಊಹಕದ ನೆನಪನ್ನು ಅಳಿಸಿಹಾಕುವುದು. ಎಲ್‌ಸ್ಟಾರ್‌ಗಾಗಿ ಕಿವಿಟಿ 2009ರಲ್ಲಿ ಆರಿಸಿಕೊಂಡ ಕೊನೆಯ ಗಳಿಗೆಯ ಹೊಸ್ತಿಲೇ ಇದೂ.