ಪದದ ಒಡೆತನ: ರಘು ದೀಕ್ಷಿತರ ಗಾನಜೀವನವನ್ನು ಕುರಿತು ಒಂದು ವಿಚಾರ

ಶಿಂಷಾ ನದಿಯ ದಡದ ವೈದ್ಯನಾಥಪುರದಿಂದ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದವರೆಗಿನ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಹಾಡುವಾಗ, ಆ ಪದವನ್ನು ಕಟ್ಟಿದವರು ಯಾರೆಂದು ಕೇಳುವ ವಾಡಿಕೆಯಿಲ್ಲ. ಗುರುಪರಂಪರೆಯಿಂದ ಬಂದ ಕಥೆಯನ್ನು ಹಾಡುಗಾರನು ಸಂದರ್ಭವರಿತು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಅದು ಅವನದೂ ಹೌದು, ಅವನದಲ್ಲವೂ ಹೌದು. ಧ್ವನಿಮುದ್ರಿಕೆಯ ಯುಗವಾದರೋ ಪ್ರತಿಯೊಂದು ಹಾಡಿಗೂ ಒಬ್ಬ ಕರ್ತೃವನ್ನು ಬೇಡುತ್ತದೆ. ಜಾನಪದದ ಧಾಟಿಯಲ್ಲಿ ಹೊಸ ಹಾಡು ಕಟ್ಟಿ ಹಾಡುವ ಈ ಕಾಲದ ಗಾಯಕನನ್ನು ಇವೆರಡರಲ್ಲಿ ಯಾವ ಪಂಕ್ತಿಯಲ್ಲಿ ಕೂರಿಸಬೇಕು? ಶ್ರೀ ರಘು ದೀಕ್ಷಿತರ ಜೀವನವನ್ನು ಈ ಪ್ರಶ್ನೆಯೊಡನೆ ಪರಿಶೀಲಿಸಲು ನಾವು ಇಲ್ಲಿ ಉದ್ದೇಶಿಸಿದ್ದೇವೆ.

ದೀಕ್ಷಿತರು 1974ರಲ್ಲಿ ನಾಸಿಕದಲ್ಲಿ ಜನಿಸಿ ಮೈಸೂರಿನಲ್ಲಿ ಬೆಳೆದವರು. ಬಾಲ್ಯದಿಂದ ಅಭ್ಯಸಿಸಿದ್ದು ಭರತನಾಟ್ಯ. ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಕಾಲೇಜಿನ ದಿನಗಳಲ್ಲಿ ಸಹಪಾಠಿಯೊಬ್ಬನು ಅವರ ನೃತ್ಯವನ್ನು ಹಾಸ್ಯಮಾಡಲು, ಪಂತಕ್ಕಾಗಿ ಗಿಟಾರ್ ಹಿಡಿದರಂತೆ. ಪಾಂಡಿತ್ಯಕ್ಕಿಂತ ಪಂತವೇ ಕೆಲವೊಮ್ಮೆ ಹೆಚ್ಚು ಕೆಲಸ ಮಾಡುತ್ತದೆ! ಕೆಲಕಾಲ ಬೆಲ್ಜಿಯಂನಲ್ಲಿ ಉದ್ಯೋಗದಲ್ಲಿದ್ದು, ಮರಳಿ ಬಂದು ಸಂಗೀತವನ್ನೇ ವೃತ್ತಿಯಾಗಿಸಿಕೊಂಡರು. 'ಅಂತರಾಗ್ನಿ' ಎಂಬ ವಾದ್ಯವೃಂದವನ್ನು ನಡೆಸಿದರು. 2008ರಲ್ಲಿ ಅವರ ಮೊದಲ ಧ್ವನಿಮುದ್ರಿಕೆ ಹೊರಬಂದಿತು. 2010ರಲ್ಲಿ ಬಿ.ಬಿ.ಸಿ.ಯ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಇಂಗ್ಲೆಂಡಿನ 'ಸಾಂಗ್‌ಲೈನ್ಸ್' ಪತ್ರಿಕೆ ಅವರಿಗೆ ನವಾಗತ ಕಲಾವಿದರ ಪ್ರಶಸ್ತಿಯನ್ನು ನೀಡಿತು.

ಆ ಮೊದಲ ಧ್ವನಿಮುದ್ರಿಕೆಯಲ್ಲಿ ಸ್ವಂತ ರಚನೆಗಳೊಡನೆ ಶಿಶುನಾಳ ಶರೀಫರ (1819-1889) ಎರಡು ತತ್ತ್ವಪದಗಳಿವೆ: ಒಂದು ಗುಡುಗುಡಿಯದು, ಮತ್ತೊಂದು ಸೋರುವ ಮಾಳಿಗೆಯದು. ನಮ್ಮ ಪ್ರಶ್ನೆಯ ಗಂಟು ಇಲ್ಲಿಯೇ ಇದೆ. ಗೋವಿಂದಭಟ್ಟರ ಶಿಷ್ಯರಾದ ಶರೀಫರು ಮನೆಯ ಬಳಕೆಯ ವಸ್ತುವನ್ನು ಹಿಡಿದು ದೇಹ, ಮನಸ್ಸು, ಅಜ್ಞಾನಗಳನ್ನು ನುಡಿದವರು. ಅವರ ಪದಗಳು ಬಹುಕಾಲ ಭಜನೆಯ ಮೇಳಗಳ ಬಾಯಲ್ಲಿ ಉಳಿದವು. ಅನಂತರ ಸಿ. ಅಶ್ವಥ್ (1939-2009) ಅವರು ಹೊಸ ಧಾಟಿಗಳಲ್ಲಿ ಹಾಡಿ ಅವನ್ನು ನಗರದ ಶ್ರೋತೃಗಳಿಗೆ ಮುಟ್ಟಿಸಿದರು, ಟಿ. ಎಸ್. ನಾಗಾಭರಣರ 1990ರ 'ಸಂತ ಶಿಶುನಾಳ ಶರೀಫ' ಚಲಚ್ಚಿತ್ರವು ಇದಕ್ಕೆ ಬಲವಿತ್ತಿತು. ಆದುದರಿಂದ ದೀಕ್ಷಿತರು ಗಿಟಾರಿನ ಮೇಲೆ ಹಾಡಿದಾಗ ಆ ಪದವು ಹೊಸ ಉಡುಗೆಯನ್ನು ತೊಟ್ಟದ್ದು ಮೊದಲ ಬಾರಿಗೇನೂ ಅಲ್ಲ. ಜಾನಪದವು ಕೆಟ್ಟಿತೆಂದು ಮರುಗುವವರು ಇದನ್ನು ಗಮನಿಸಬೇಕು.

ಇಷ್ಟಾಗಿಯೂ ಶರೀಫರು ನೀಲಗಾರರ ಅನಾಮಿಕ ಪರಂಪರೆಯವರಲ್ಲ. ಪದದ ಕೊನೆಯಲ್ಲಿ ಅವರು ಶಿಶುನಾಳಾಧೀಶನ ಅಂಕಿತವನ್ನು ಇಡುತ್ತಾರೆ. ಪೂರ್ಣವಾಗಿ ಹಾಡಿದಲ್ಲಿ, ಧಾಟಿ ಎಷ್ಟೇ ಬದಲಾದರೂ ಕರ್ತೃವಿನ ಗುರುತು ಹಾಡಿನೊಡನೆಯೇ ಸಾಗುತ್ತದೆ. ಕೊನೆಯ ನುಡಿಯನ್ನು ಬಿಟ್ಟರೆ ಅದು ಅಳಿಯುತ್ತದೆ. ಧ್ವನಿಮುದ್ರಿಕೆಯ ಹೊದಿಕೆಯ ಮೇಲಿನ ಅಕ್ಷರಗಳಿಗಿಂತ ಈ ಹಳೆಯ ಏರ್ಪಾಡು ಹೆಚ್ಚು ಭದ್ರವೆಂದು ನಮಗೆ ತೋರುತ್ತದೆ. ದೀಕ್ಷಿತರ ಕೀರ್ತಿಯಲ್ಲಿ ಅವರ ಸ್ವರಸಂಯೋಜನೆಯ ಪಾಲನ್ನೂ ಶರೀಫರ ಮಾತಿನ ಪಾಲನ್ನೂ ಬೇರ್ಪಡಿಸಿ ನೋಡದೆ ಅವರನ್ನು ಸುಮ್ಮನೆ ಪದಕರ್ತರೆಂದು ಕರೆಯುವುದು ಚರಿತ್ರಕಾರನಿಗೆ ಒಪ್ಪದು.

ಅದೇ 2008ರಲ್ಲಿ ದೀಕ್ಷಿತರು 'ಸೈಕೋ' ಚಲಚ್ಚಿತ್ರಕ್ಕೆ ಸಂಗೀತ ನೀಡಿದರು. ಅದರಲ್ಲಿ ಮಾದೇಶ್ವರನನ್ನು ಸಂಬೋಧಿಸುವ ಗೀತೆಯೊಂದು ನಾಡಿನಾದ್ಯಂತ ಪ್ರಚಾರಗೊಂಡಿತು. ಕಂಸಾಳೆ ಹಿಡಿದ ದೇವರಗುಡ್ಡರು ತಲೆತಲಾಂತರದಿಂದ ಹಾಡಿಕೊಂಡು ಬಂದ ಅದೇ ದೇವರ ಹೆಸರು ಈಗ ಮದ್ದೂರಿನ ಹುಡುಗನ ಬಾಯಿಗೆ ಚಲಚ್ಚಿತ್ರದಿಂದಲೂ ಬರತೊಡಗಿತು.