ಹಾಲಿ ರೂಪಾಯಿ, ಕಲ್ದಾರ್ ರೂಪಾಯಿ: ಗಡಿ ದಾಟಿದ ಮಾಸ್ತರರ ಸಂಬಳ

ನೂರು ಕಲ್ದಾರ್ ರೂಪಾಯಿಗೆ ಹಾಲಿ ಸಿಕ್ಕಾ ಎಷ್ಟು? ನಿಜಾಮ ಸಂಸ್ಥಾನದ ಕಾಲದಲ್ಲಿ ನಿಲಂಗಾ, ಉದಗೀರ, ಉಮರಗಾ ಭಾಗದ ಲೆಕ್ಕದ ಮಾಸ್ತರರಿಗೆ ಉತ್ತರವು ನಾಲಗೆಯ ತುದಿಯಲ್ಲಿಯೇ ಇರಬೇಕಾಗಿದ್ದಿತು: 116 ರೂಪಾಯಿ, 10 ಆಣೆ, 8 ಪೈ. ಸಂಸ್ಥಾನದ ಸ್ವಂತ ನಾಣ್ಯಕ್ಕೆ ಹಾಲಿ ಸಿಕ್ಕಾ ಎಂದೂ ಬ್ರಿಟಿಷ್ ಭಾರತದ ನಾಣ್ಯಕ್ಕೆ ಕಲ್ದಾರ್ ಎಂದೂ ಹೆಸರು. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ್ ಬರುತ್ತಿದ್ದುವು. ಹಾಗಾದರೆ ನೂರಕ್ಕೆ 116 ಪೂರ್ಣ, ಮೇಲೆ ಮೂರರಲ್ಲಿ ಎರಡು ಪಾಲು; ಹದಿನಾರು ಆಣೆಯ ರೂಪಾಯಿಯಲ್ಲಿ ಮೂರರಲ್ಲಿ ಎರಡು ಪಾಲೆಂದರೆ 10 ಆಣೆ 8 ಪೈ. ವಿದ್ಯಾರ್ಥಿಗಳು ತಾವೇ ಹಾಕಿ ನೋಡಬಹುದು.

ಈ ಲೆಕ್ಕವನ್ನು ನಾವು ಇಲ್ಲಿ ನೆನೆಯುವುದು ಗಣಿತದ ಪ್ರೀತಿಯಿಂದಲ್ಲ. ದುಡಿಯುವ ಊರು ಒಂದು ಸರಕಾರದಲ್ಲಿ, ಹುಟ್ಟಿದ ಮನೆ ಇನ್ನೊಂದು ಸರಕಾರದಲ್ಲಿ ಇದ್ದ ಶಿಕ್ಷಕನ ಸಂಬಳದ ಕತೆ ಇದರಲ್ಲಿ ಅಡಗಿದೆ. ನಿಲಂಗಾ ಮತ್ತು ಉದಗೀರ ಆಗ ಬೀದರ ಜಿಲ್ಲೆಯ ತಾಲೂಕುಗಳು. ಉಮರಗಾ ಉಸ್ಮಾನಾಬಾದ ಜಿಲ್ಲೆಯದು. ಪಶ್ಚಿಮಕ್ಕೆ ಸ್ವಲ್ಪ ಸರಿದರೆ ಸೊಲ್ಲಾಪುರ, ಅದು ಮುಂಬಯಿ ಇಲಾಖೆ. ಇಂದು ಬಸ್ಸಿನಲ್ಲಿ ಅರ್ಧ ದಿನವೂ ಹಿಡಿಯದ ಈ ದಾರಿಯನ್ನು ಸೊಲ್ಲಾಪುರದಿಂದಾಗಲಿ, ವಿಜಾಪುರ ಧಾರವಾಡಗಳಿಂದಾಗಲಿ ದಾಟಿ ಬಂದ ಶಿಕ್ಷಕನು ಸಂಸ್ಥಾನದ ದೃಷ್ಟಿಯಲ್ಲಿ ‘ಗೈರ್ ಮುಲ್ಕಿ’, ಅಂದರೆ ಪರನಾಡಿನವನು. ಆಡುವ ಮಾತು ಒಂದೇ ಕನ್ನಡವಾಗಿದ್ದರೂ ಅಷ್ಟೆ.

1919ರ ಫರ್ಮಾನಿನಿಂದ ದೃಢವಾದ ಮುಲ್ಕಿ ನಿಯಮಗಳ ಪ್ರಕಾರ ಸರಕಾರಿ ನೌಕರಿಯು ನಾಡಿಗರಿಗೆ ಮೀಸಲು. ಹೊರಗಿನವನಿಗೆ ವಿಶೇಷ ಅಪ್ಪಣೆ ಬೇಕು. ಹೊರಗಿನವನು ಒಳಗಿನವನಾಗಲು ಒಂದು ದಾರಿ ಇದ್ದಿತು. ಹದಿನೈದು ವರುಷ ಸಂಸ್ಥಾನದಲ್ಲಿ ನೆಲೆಯೂರಿರಬೇಕು. ಅಷ್ಟೇ ಸಾಲದು, ಹಿಂದಿನ ಊರಿಗೆ ಮರಳುವ ವಿಚಾರವನ್ನೇ ಬಿಟ್ಟಿದ್ದೇನೆಂದು ಪ್ರಮಾಣಪತ್ರ ಬರೆದುಕೊಡಬೇಕು. ತಿಂಗಳು ತಿಂಗಳೂ ತಾಯಿತಂದೆಗಳಿಗೆ ಹಣ ಕಳಿಸುವವನು ಇಂಥ ಕಾಗದಕ್ಕೆ ಹೇಗೆ ರುಜು ಹಾಕಿಯಾನು? ಆದರೂ ಈ ನಿಯಮವನ್ನು ಬರಿಯ ಕ್ರೌರ್ಯವೆಂದು ನಾವು ತಳ್ಳಿಬಿಡಲಾರೆವು. ಹೊರಗಿನಿಂದ ಬಂದ ಓದಿದವರು ನೌಕರಿಗಳನ್ನು ತುಂಬಿಕೊಂಡರೆಂಬ ಸ್ಥಳೀಯರ ದೂರಿಗೂ ಆಧಾರವಿದ್ದಿತು. ನಿಯಮದ ಭಾರ ಮಾತ್ರ ದೊಡ್ಡ ಅಧಿಕಾರಿಗಿಂತ ಸಣ್ಣ ಸಂಬಳದವನ ಮೇಲೆ ಹೆಚ್ಚಾಗಿ ಬೀಳುವುದು ಎಲ್ಲ ಕಾಲದ ರೂಢಿ.

ಖಾಸಗಿ ಶಾಲೆಗಳ ಮಾತು ಬೇರೆ. ಉಮರಗಾಕ್ಕೆ ದೂರವಲ್ಲದ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಪಾಠ ಹೇಳಿದ ವೆಂಕಟೇಶ ಖೇಡಗೀಕರರೇ ಮುಂದೆ ಸ್ವಾಮಿ ರಾಮಾನಂದ ತೀರ್ಥರಾಗಿ ಹೈದರಾಬಾದ ವಿಮೋಚನೆಯ ಚಳವಳಿಯನ್ನು ನಡೆಸಿದರು. ಅಂಥ ಶಾಲೆಗಳಲ್ಲಿ ಸಂಬಳಕ್ಕಿಂತ ವ್ರತವೇ ದೊಡ್ಡದಾಗಿದ್ದುದರಿಂದ ನಮ್ಮ ಲೆಕ್ಕಕ್ಕೆ ಅವು ಸಿಕ್ಕುವುದಿಲ್ಲ.

ಈಗ ಸಂಬಳಕ್ಕೆ ಬರೋಣ. ಒಬ್ಬನಿಗೆ ತಿಂಗಳಿಗೆ ಎಪ್ಪತ್ತು ಹಾಲಿ ರೂಪಾಯಿ ಎಂದು ಹಿಡಿಯೋಣ. ಇಡಿಯ ಹಣವನ್ನು ಗಡಿಯಾಚೆ ಒಯ್ದರೆ ಕೈಯಲ್ಲಿ ಅರವತ್ತು ಕಲ್ದಾರ್. ಹತ್ತು ರೂಪಾಯಿ ಎಲ್ಲಿ ಹೋಯಿತು? ಯಾರೂ ಕಡಿದುಕೊಂಡಿಲ್ಲ, ಹಾಲಿ ರೂಪಾಯಿಯ ಬೆಲೆಯೇ ಅಷ್ಟು. ನಿಲಂಗಾದ ಸಂತೆಯಲ್ಲಿ ಜೋಳ ಕೊಳ್ಳುವವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿಯ ಬೆಲೆಯೂ ಹಾಲಿಯಲ್ಲಿಯೇ. ನಿಜವಾದ ನಷ್ಟವೆಂದರೆ ನಾಣ್ಯ ಬದಲಿಸುವ ಸರಾಫನು ಮುರಿದುಕೊಳ್ಳುವ ವಟಾವು ಒಂದೇ. ತೆರಿಗೆ ಬೇರೆ, ವಟಾವು ಬೇರೆ, ನಾಣ್ಯದ ದರ ಬೇರೆ. ಈ ಮೂರನ್ನೂ ಬೆರೆಸಿ ‘ಸಂಬಳ ಕಡಿದರು’ ಎನ್ನುವುದು ಸಾಮಾನ್ಯ ತಪ್ಪು. ಅದನ್ನು ವಿದ್ಯಾರ್ಥಿಗಳು ಈಗಲೇ ತಿದ್ದಿಕೊಳ್ಳುವುದು ಒಳಿತು.

ವರಮಾನ ತೆರಿಗೆಯಾದರೋ ಸಂಸ್ಥಾನಕ್ಕೆ ಬಹಳ ತಡವಾಗಿ ಬಂದಿತು. ಬ್ರಿಟಿಷ್ ಭಾರತದಲ್ಲಿ 1857ರ ದಂಗೆಯ ಸಾಲವನ್ನು ತುಂಬಲು ಜೇಮ್ಸ್ ವಿಲ್ಸನ್ ಎಂಬ ಹಣಕಾಸಿನ ಸದಸ್ಯನು 1860ರಲ್ಲಿ ಅದನ್ನು ತಂದನು. ಐದೇ ವರುಷಕ್ಕೆ ಅದು ನಿಂತಿತು. 1886ರ ಕಾಯಿದೆಯಿಂದ ಅದು ಸ್ಥಿರವಾಯಿತು. 1922ರ ಕಾಯಿದೆಯು ಸಂಬಳ ಕೊಡುವವನೇ ತೆರಿಗೆಯನ್ನು ಮುರಿದುಕೊಂಡು ಉಳಿದುದನ್ನು ಕೊಡಬೇಕೆಂಬ ಪದ್ಧತಿಯನ್ನು ಹದಿನೆಂಟನೆಯ ಕಲಮಿನಲ್ಲಿ ಹೇಳಿತು. ಇಂದಿನ ಪಗಾರಪಟ್ಟಿಯ ಕಡಿತದ ಕಾಲಮು ಅದರ ಸಂತಾನವೇ. ಹೈದರಾಬಾದಿನಲ್ಲಿ ವರಮಾನ ತೆರಿಗೆಯ ಕಾಯಿದೆಯಾದುದು ಫಸಲಿ 1357ರಲ್ಲಿ, ಅಂದರೆ 1947ರ ಅಕ್ಟೋಬರದಿಂದ ಮುಂದಿನ ವರುಷದಲ್ಲಿ. ಆ ಫಸಲಿ ವರುಷ ಮುಗಿಯುವ ಮುನ್ನವೇ, 1948ರ ಸೆಪ್ಟೆಂಬರ 17ಕ್ಕೆ, ನಿಜಾಮರ ಆಳಿಕೆ ಮುಗಿಯಿತು. 1950ರ ಏಪ್ರಿಲ್ 1ರಿಂದ ಭಾರತದ ವರಮಾನ ತೆರಿಗೆಯೇ ಇಲ್ಲಿಗೂ ವ್ಯಾಪಿಸಿತು. ಹಾಲಿ ಸಿಕ್ಕಾ ಕೆಲವು ವರುಷ ಜೊತೆಜೊತೆಗೆ ನಡೆದು ಆಮೇಲೆ ಮರೆಯಾಯಿತು.

ಹಳ್ಳಿಯ ಮಾಸ್ತರರಿಗೆ ಆ ತೆರಿಗೆ ತಗಲಲಿಲ್ಲ. ಅವರ ಸಂಬಳವು ಅಷ್ಟು ಮೇಲಿರಲಿಲ್ಲ. 1957ರಲ್ಲಿ ಟಿ. ಟಿ. ಕೃಷ್ಣಮಾಚಾರಿಯವರು ವಿನಾಯಿತಿಯ ಮಿತಿಯನ್ನು ವರುಷಕ್ಕೆ 4,200ರಿಂದ 3,000 ರೂಪಾಯಿಗೆ ಇಳಿಸಿದಾಗ ಕೆಲವು ಮುಖ್ಯೋಪಾಧ್ಯಾಯರು ಅದರ ಹೊಸ್ತಿಲಿಗೆ ಬಂದಿರಬೇಕು.

ಅಷ್ಟರಲ್ಲಿ ವಿಚಿತ್ರವೊಂದು ನಡೆದುಹೋಗಿದ್ದಿತು. ಮೊದಲು ಮಾಸ್ತರರು ಗಡಿಯನ್ನು ದಾಟುತ್ತಿದ್ದರು. 1956ರ ನವೆಂಬರ 1ರಂದು ಗಡಿಯೇ ಮಾಸ್ತರರನ್ನು ದಾಟಿತು. ಬೀದರ ಜಿಲ್ಲೆಯು ಮೈಸೂರಿಗೆ ಬಂದಿತು. ಅದರ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದುವು. ಭಾಲ್ಕಿಯಲ್ಲಿ ಮನೆ, ನಿಲಂಗಾದಲ್ಲಿ ಶಾಲೆ ಎಂಬವನು ಹಾಸಿಗೆಯಿಂದ ಏಳುವ ಮೊದಲೇ ಎರಡು ರಾಜ್ಯಗಳವನಾದನು. ರಾಜ್ಯಗಳ ಪುನರ್ವಿಂಗಡಣೆಯ ಕಾಯಿದೆಯ 115ನೆಯ ಕಲಮು, ಹೀಗೆ ಹಂಚಿಹೋದ ನೌಕರರ ಸೇವಾನಿಯಮಗಳನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಅವರಿಗೆ ಹಾನಿಯಾಗುವಂತೆ ಬದಲಿಸಕೂಡದೆಂದು ಕಟ್ಟುಮಾಡಿತು. ಒಳ್ಳೆಯ ಕಲಮೇ. ಆದರೆ ಹಾನಿಯಾಯಿತೆಂದು ಹೇಳಲು ನೌಕರನು ಮೊದಲು ತನ್ನ ಪಗಾರಪಟ್ಟಿಯನ್ನು ಓದಬಲ್ಲವನಾಗಿರಬೇಕು. ನಿಜಾಮರ ಕಾಲದ ಕಚೇರಿಯ ಭಾಷೆ ಉರ್ದು. 1960ರಲ್ಲಿ ಹುಟ್ಟಿದ ಮಹಾರಾಷ್ಟ್ರದ ರಾಜಭಾಷೆ 1964ರ ಕಾಯಿದೆಯಿಂದ ಮರಾಠಿ. ಎರಡೂ ಹಿರಿಯ ಭಾಷೆಗಳೇ. ನಮಗೆ ಅವುಗಳ ಮೇಲೆ ಮುನಿಸಿಲ್ಲ. ಆದರೆ ಕನ್ನಡ ಶಾಲೆಯ ಮಾಸ್ತರರು ಎರಡು ಕಾಲದಲ್ಲಿಯೂ ಪರಭಾಷೆಯ ಕಾಗದಕ್ಕೆ ಕನ್ನಡದಲ್ಲಿ ರುಜು ಹಾಕಬೇಕಾಯಿತು.

ಸಮುದ್ರದಾಚೆ ಹೋದ ನಮ್ಮ ಶಿಕ್ಷಕರ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಯಾರು ಯಾವ ನಾಡಿಗರೆಂಬುದನ್ನು ಅಲ್ಲಿ ಮನಸ್ಸಿನ ಆಣೆಯಿಂದಲ್ಲ, ಬಹುಮಟ್ಟಿಗೆ ದಿನಗಳನ್ನು ಎಣಿಸಿ ತೀರ್ಮಾನಿಸುತ್ತಾರೆ. 1961ರ ಕಾಯಿದೆಯು ಹಾಕಿಕೊಟ್ಟ ಪದ್ಧತಿಯಂತೆ, ಉದ್ಯೋಗಕ್ಕಾಗಿ ದೇಶ ಬಿಟ್ಟ ಭಾರತೀಯನು ಆ ವರುಷ 182 ದಿನ ಇಲ್ಲಿ ಇರದಿದ್ದರೆ ಸಾಮಾನ್ಯವಾಗಿ ಅವನು ಅನಿವಾಸಿ. ಹೊರನಾಡಿನಲ್ಲಿ ದುಡಿದ ಸಂಬಳದ ಮೇಲೆ ಇಲ್ಲಿ ತೆರಿಗೆಯಿಲ್ಲ. ದುಬಾಯಿಯ ಶಾಲೆಯಲ್ಲಿ ಕಲಿಸುವವರಿಗೆ ಅಲ್ಲಿಯೂ ಸಂಬಳದ ಮೇಲೆ ವರಮಾನ ತೆರಿಗೆಯಿಲ್ಲ. ಅಮೆರಿಕಕ್ಕೆ ಹೋದ ಅಧ್ಯಾಪಕರಿಗೆ 1989ರಲ್ಲಿ ಎರಡು ದೇಶಗಳು ರುಜು ಹಾಕಿದ ಒಪ್ಪಂದದಲ್ಲಿ ಎರಡು ವರುಷದ ವಿನಾಯಿತಿಯನ್ನು ಇಟ್ಟಿದ್ದಾರೆ. ಹದಿನೈದು ವರುಷ ಮತ್ತು ಒಂದು ಪ್ರಮಾಣಪತ್ರ ಕೇಳಿದ ಮುಲ್ಕಿ ನಿಯಮಕ್ಕಿಂತ ಈ ದಿನಗಳ ಎಣಿಕೆಯೇ ನಮಗೆ ಹೆಚ್ಚು ಮಾನವೀಯವಾಗಿ ಕಾಣುತ್ತದೆ. ಮನೆಗೆ ಮರಳುವ ಆಸೆಯನ್ನು ಅದು ಕೇಳುವುದಿಲ್ಲ.

ಗಡಿಯೊಳಗೆ ಉಳಿದವರ ಪಾಲಿಗೆ ಈಗ ಇರುವ ಅಂತರ ಚಿಕ್ಕದು. ವರಮಾನ ತೆರಿಗೆಯು ಭಾಲ್ಕಿಗೂ ನಿಲಂಗಾಕ್ಕೂ ಒಂದೇ. ವೃತ್ತಿ ತೆರಿಗೆ ಮಾತ್ರ ರಾಜ್ಯದ್ದು. ಸಂವಿಧಾನದ 276ನೆಯ ವಿಧಿಯು ಅದಕ್ಕೆ ವರುಷಕ್ಕೆ 250 ರೂಪಾಯಿಯ ಮಿತಿ ಹಾಕಿದ್ದಿತು, 1988ರಲ್ಲಿ ಅದು 2,500 ಆಯಿತು. ನಿಲಂಗಾದಲ್ಲಿ ಕಲಿಸುವವರು ರಾತ್ರಿ ಎಲ್ಲಿಯೇ ಮಲಗಲಿ, ಮಹಾರಾಷ್ಟ್ರದ 1975ರ ಕಾಯಿದೆಯಂತೆ ಅದನ್ನು ಕೊಡುತ್ತಾರೆ. ಆ ಕಾಯಿದೆಯ ದರದಲ್ಲಿ ಹತ್ತು ಸಾವಿರ ಮೀರಿದ ಸಂಬಳದ ಪುರುಷರಿಗೆ ತಿಂಗಳಿಗೆ 200 ರೂಪಾಯಿ ಕಡಿತ, ಫೆಬ್ರುವರಿಯಲ್ಲಿ ಮಾತ್ರ 300. ವರುಷದಲ್ಲಿಯೇ ಚಿಕ್ಕದಾದ ಆ ತಿಂಗಳು ನೂರು ರೂಪಾಯಿ ಹೆಚ್ಚು ಹೋದುದೇಕೆಂದು ಗುರುಗಳನ್ನು ಕೇಳುವ ಮೊದಲು, ಹನ್ನೊಂದನ್ನು ಇನ್ನೂರರಿಂದ ಗುಣಿಸಿ, ಬಂದ ಮೊತ್ತವನ್ನು 2,500ರಿಂದ ಕಳೆದು ನೋಡಿರಿ.