'ಡಿ' ವಿಟಮಿನ್ ಮತ್ತು ಮುಪ್ಪಿನ ಮೂಳೆ

ಮಕ್ಕಳ ಎಳೆಯ ಮೂಳೆಗಳು ಮೆದುವಾಗಿ ಕಾಲುಗಳು ಬಿಲ್ಲಿನಂತೆ ಬಾಗುವ ರೋಗ ರಿಕೆಟ್ಸ್. 1919ರಲ್ಲಿ ಬ್ರಿಟನ್ನಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳ ಮೇಲೆ ಪ್ರಯೋಗ ನಡೆಸಿ, ಕಾಡ್ ಮೀನಿನ ಯಕೃತ್ತಿನ ಎಣ್ಣೆ ಈ ರೋಗವನ್ನು ತಡೆಯುವುದೆಂದು ತೋರಿಸಿದರು. ಅದೇ ವರ್ಷ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಅತಿನೇರಳೆ ದೀಪದ ಬೆಳಕಿನಿಂದಲೇ ಮಕ್ಕಳನ್ನು ಗುಣಪಡಿಸಿದರು. ಎಣ್ಣೆಗೂ ಬೆಳಕಿಗೂ ಏನು ಸಂಬಂಧ?

1922ರಲ್ಲಿ ಅಮೆರಿಕದ ಮೆಕಾಲಂ ಮತ್ತು ಸಂಗಡಿಗರು ಆ ಎಣ್ಣೆಯನ್ನು ಕಾಯಿಸಿ, ಗಾಳಿ ಹಾಯಿಸಿ, ಅದರಲ್ಲಿದ್ದ 'ಎ' ವಿಟಮಿನನ್ನು ನಾಶಪಡಿಸಿದರು. ಆದರೂ ರಿಕೆಟ್ಸ್ ವಾಸಿಮಾಡುವ ಗುಣ ಉಳಿದಿತ್ತು. ಈ ಹೊಸ ಅಂಶವೇ 'ಡಿ' ವಿಟಮಿನ್. ಬಿಸಿಲಿನ ಅತಿನೇರಳೆ ಕಿರಣಗಳು ಬಿದ್ದಾಗ ನಮ್ಮ ಚರ್ಮದಲ್ಲಿಯೂ ಇದು ತಯಾರಾಗುತ್ತದೆ. ಮುಂದೆ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಮಾರ್ಪಟ್ಟು, ಕರುಳು ಆಹಾರದ ಕ್ಯಾಲ್ಸಿಯಂ ಹೀರಲು ನೆರವಾಗುತ್ತದೆ.

ಮಕ್ಕಳ ಮೂಳೆಗೆ ಒದಗಿದ ಮದ್ದು ವೃದ್ಧರ ಮೂಳೆಗೂ ಒದಗೀತೆ? 1992ರಲ್ಲಿ ಫ್ರಾನ್ಸಿನಿಂದ ಆಶಾದಾಯಕ ಉತ್ತರ ಬಂದಿತು. ವೃದ್ಧಾಶ್ರಮಗಳಂಥ ವಸತಿಗಳಲ್ಲಿದ್ದ 3,270 ಮಹಿಳೆಯರನ್ನು ಆಯ್ದು, ಒಂದು ಗುಂಪಿಗೆ ದಿನಕ್ಕೆ 800 ಯೂನಿಟ್ 'ಡಿ' ವಿಟಮಿನ್ ಮತ್ತು 1.2 ಗ್ರಾಂ ಕ್ಯಾಲ್ಸಿಯಂ ಕೊಡಲಾಯಿತು. 18 ತಿಂಗಳು ಪೂರೈಸಿದವರಲ್ಲಿ, ಹುಸಿಗುಳಿಗೆ ಪಡೆದವರಿಗೆ ಹೋಲಿಸಿದರೆ, ಸೊಂಟದ ಮೂಳೆಮುರಿತಗಳು ಶೇ. 43ರಷ್ಟು ಕಡಿಮೆಯಾದವು.

ಆದರೆ ಮುಂದಿನ ಪ್ರಯೋಗಗಳು ಈ ಆಸೆಗೆ ಮಿತಿ ಹಾಕಿದವು. 2010ರ ಆಸ್ಟ್ರೇಲಿಯದ ಅಧ್ಯಯನದಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಸೇವಿಸಿದ ವೃದ್ಧೆಯರಲ್ಲಿ ಬೀಳುವುದೂ ಮೂಳೆಮುರಿತವೂ ಹೆಚ್ಚಾದವು! ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ಅಧ್ಯಯನದ ವರದಿ 2022ರಲ್ಲಿ ಹೊರಬಂತು. ನಿತ್ಯ 2,000 ಯೂನಿಟ್ ಸೇವಿಸಿದರೂ ಮುರಿತಗಳು ತಗ್ಗಲಿಲ್ಲ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಕೊರತೆಯ ಇರುವು, ಇಲ್ಲದಿರುವು. ಫ್ರಾನ್ಸಿನ ವೃದ್ಧೆಯರಲ್ಲಿ 'ಡಿ' ವಿಟಮಿನ್ ಬಹಳ ಕಡಿಮೆಯಿತ್ತು. ಅಮೆರಿಕದವರನ್ನು ಕೊರತೆ ನೋಡಿ ಆರಿಸಿರಲಿಲ್ಲ. ಗೋಡೆ ಕಟ್ಟುವಲ್ಲಿಗೆ ಸುಣ್ಣ ಹೊತ್ತು ತರುವ ಆಳಿನಂತೆ ಈ ವಿಟಮಿನ್. ಸುಣ್ಣ ಸಾಲದಾಗ ಅವನಿಲ್ಲದೆ ಕೆಲಸ ನಡೆಯದು. ಸಾಕಷ್ಟಿದ್ದಾಗ ಇನ್ನಷ್ಟು ತಂದರೆ ಗೋಡೆ ಗಟ್ಟಿಯಾಗದು.

ರಿಕೆಟ್ಸ್‌ನಲ್ಲಿ ಮೂಳೆಗೆ ಖನಿಜ ಸೇರುವುದೇ ಕುಂಠಿತವಾಗುತ್ತದೆ. ಆಸ್ಟಿಯೊಪೊರೋಸಿಸ್‌ನಲ್ಲಾದರೋ ಮೂಳೆ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗುತ್ತದೆ. ಮುಟ್ಟು ನಿಂತ ಬಳಿಕ ಈಸ್ಟ್ರೊಜೆನ್ ತಗ್ಗುವುದು ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಮೂಳೆ ಕರಗುವುದನ್ನು ತಡೆಯುವ ಔಷಧಿಗಳೇ ಬೇರೆ. ಅವು ಸರಿಯಾಗಿ ಕೆಲಸಮಾಡಲು 'ಡಿ' ವಿಟಮಿನ್ ಸಾಕಷ್ಟಿರಬೇಕು, ಅಷ್ಟೆ. ಕೊರತೆಯಿದ್ದವರಿಗೆ ಇದು ಮದ್ದು. ಎಲ್ಲರಿಗೂ ಅಲ್ಲ.